ಬೇಲಿಯಾಚೆಯ ಹವಾಮಾನ

ಐರ್ಲೆಂಡಿನ ಸ್ವೋರ್ಡ್ಸ್ ಊರಿನಲ್ಲಿ ನಾನು ಬಾಡಿಗೆಗಿದ್ದ ಮನೆಯ ಓನರಮ್ಮನಿಗೆ ಎಲ್ಲವೂ ‘ಗ್ರ್ಯಾಂಡ್’, ಅಂದರೆ ಅಲ್ಲಿಯವರ ಬಾಯಲ್ಲಿ ‘ಪರವಾಗಿಲ್ಲ, ಚೆನ್ನಾಗಿದೆ’. ಲಾಕ್‌ಡೌನ್‌ನಲ್ಲಿ ಐದು ಕಿಲೋಮೀಟರ್ ದಾಟಬಾರದೆಂದಾಗ ಅದೂ ಗ್ರ್ಯಾಂಡ್! ಆ ಬಿಡುವಿನಲ್ಲಿ ತಮ್ಮ ಅಜ್ಜಿ ಹುಟ್ಟಿದ ಮನೆ ಹುಡುಕಲು ಕೌಂಟಿ ಕಚೇರಿಗೆ ಇಮೇಲ್ ಮೇಲೆ ಇಮೇಲ್ ಬರೆಯತೊಡಗಿದರು. ಸಂಜೆ ವಾಕಿಂಗ್ ಹೋದಾಗ ಹಿಂದಿನ ಬೀದಿಯ ಮುದುಕರೊಬ್ಬರೊಡನೆ ಬೇಲಿಯಾಚೆಯಿಂದಲೇ ಎರಡು ಮಾತು, ಅದೂ ಬರೀ ಹವಾಮಾನದ್ದು.

“ನಮ್ಮ ಕಡೆ ಮೊದಲು ಕೇಳೋದೇ ‘ಯಾರ ಪೈಕಿ?’ ಅಂತ,” ಎಂದಿದ್ದೆ.

“ಅಯ್ಯೋ, ಹಾಗೆಲ್ಲ ಕೇಳ್ತಾರಾ!” ಎಂದು ನಕ್ಕಿದ್ದರು.

ಒಂದು ಮಧ್ಯಾಹ್ನ ಕೂಗಿದರು: “ಬೇಗ ಬಾ, ಮನೆ ಸಿಕ್ತು!”

ಕಚೇರಿ ಕಳಿಸಿದ ಹಳೆಯ ಕಂದಾಯದ ದಾಖಲೆಯಲ್ಲಿ ಅಜ್ಜಿಯ ಅಪ್ಪನ ಹೆಸರಿತ್ತು, ಎದುರಿಗೆ ಮನೆಯ ವಿಳಾಸ. ನೋಡಿದರೆ ಅದು ಹಿಂದಿನ ಬೀದಿಯ ಆ ಮುದುಕರು ಈಗಿರುವ ಮನೆಯೇ! ಮಾಸ್ಕನ್ನು ಒಂದೇ ಕಿವಿಗೆ ಸಿಕ್ಕಿಸಿಕೊಂಡು ಓನರಮ್ಮ ಓಡಿದರು, ಹಿಂದೆ ನಾನು.

“ಒಳ್ಳೆ ಬಿಸಿಲು ಇವತ್ತು,” ಎಂದರು ಮುದುಕರು.

“ಬಿಸಿಲು ಹಾಗಿರಲಿ,” ಏದುಸಿರು ಬಿಡುತ್ತಲೇ ಓನರಮ್ಮ ಥೇಟ್ ನಮ್ಮೂರಿನವರಂತೆ ಕೇಳಿದರು, “ನೀವು ಯಾರ ಪೈಕಿ?”