ಸ್ಟೀರಿಂಗಿನ ಕೆಂಪು ಬಟ್ಟೆ

ಭಾನುವಾರ ಮಧ್ಯಾಹ್ನ ಮಗುವಿನ ಬ್ಯಾಗು ಖಾಲಿ ಮಾಡುವಾಗ ತಳದಲ್ಲಿ ಒಂದು ಕೆಂಪು ಬಟ್ಟೆ ಸಿಕ್ಕಿತು. ಹಾಲು ಒಣಗಿ ಹಪ್ಪಳದ ಹಾಗೆ ಗಟ್ಟಿಯಾಗಿತ್ತು. ಆ ಬಟ್ಟೆ ಇರಬೇಕಾದ ಜಾಗ ನನ್ನ ಮಗುವಿನ ಬ್ಯಾಗಲ್ಲ, ನಮ್ಮ ವರ್ಕ್‌ಶಾಪಿನಲ್ಲಿ ನಿಂತಿರುವ ಮಿನಿ ಬಸ್ಸಿನ ಸ್ಟೀರಿಂಗು.

ಬಟ್ಟೆಯ ನಿಯಮ ಮಾಡಿದವರು ಇನ್ನೊಮ್ಮೆ ಸರ್. ಅದು ಅವರ ಹೆಸರಲ್ಲ. ಏನು ಹೇಳಿದರೂ "ಇನ್ನೊಮ್ಮೆ ಹೇಳು" ಅನ್ನುವುದರಿಂದ ಬಂದದ್ದು. ಗಾಡಿಗೆ ನಮ್ಮ ಯಾವುದೇ ಉಪಕರಣ ಸಿಕ್ಕಿಸಿದರೆ ಮೊದಲು ಸ್ಟೀರಿಂಗಿಗೆ ಕೆಂಪು ಬಟ್ಟೆ ಕಟ್ಟಬೇಕು. ಉಪಕರಣ ಕಳಚಿ ಕೈಗೆ ತಗೊಂಡ ಮೇಲೆಯೇ ಬಟ್ಟೆ ಬಿಚ್ಚಬೇಕು. ಬಟ್ಟೆ ಇಲ್ಲ ಅಂದರೆ ಗಾಡಿಯಲ್ಲಿ ನಮ್ಮದೇನೂ ಇಲ್ಲ ಎಂದು ಅರ್ಥ. ಮೂವತ್ತೊಂದು ವರ್ಷದಲ್ಲಿ ಈ ಅರ್ಥ ಒಂದು ಸಲವೂ ತಪ್ಪಿರಲಿಲ್ಲ.

ಬಟ್ಟೆ ನನ್ನ ಕೈಯಲ್ಲಿದೆ. ಉಪಕರಣ ಕಳಚಿದ್ದು ಮಾತ್ರ ನನಗೆ ಜಪ್ಪಯ್ಯ ಅಂದರೂ ನೆನಪಾಗುತ್ತಿಲ್ಲ.

"ಏನು ಹಾಗೆ ಕಲ್ಲಾಗಿ ನಿಂತೆ? ಮಗು ಎದ್ದಿದೆ," ಅಂದರು ಅತ್ತೆ.

"ಏನಿಲ್ಲ ಅತ್ತೆ."

"ಏನಿಲ್ಲದಕ್ಕೆ ಇಷ್ಟು ಬೆವರು ಬರಲ್ಲಮ್ಮ."

ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಶನಿವಾರವನ್ನು ಮೊದಲಿಂದ ನೆನೆಸಿಕೊಳ್ಳಲು ಕೂತೆ.

ನಮ್ಮ ಕೆಲಸ ಹೇಳಿದರೆ ಸಣ್ಣದು. ಎಂಜಿನ್ನಿನ ಪಕ್ಕ ಒಂದು ಅಲ್ಯೂಮಿನಿಯಂ ಡಬ್ಬಿ ಇರುತ್ತದೆ, ಕಂಟ್ರೋಲ್ ಯೂನಿಟ್. ಡೀಸೆಲ್ ಎಷ್ಟು ಬಿಡಬೇಕು, ಫ್ಯಾನು ಯಾವಾಗ ತಿರುಗಬೇಕು, ಎಲ್ಲ ಅದರದೇ ಯಜಮಾನಿಕೆ. ಅದರೊಳಗಿನ ಅಂಕಿಗಳನ್ನು ನಾವು ಅಳೆಯುತ್ತೇವೆ, ಸರಿಯಿಲ್ಲದಿದ್ದರೆ ತಿದ್ದುತ್ತೇವೆ. ಆದರೆ ಅದು ಕರೆದ ಕೂಡಲೇ ಓ ಅನ್ನುವ ಜಾತಿಯಲ್ಲ. ಯಾವ ವೇಗದಲ್ಲಿ ಮಾತಾಡಬೇಕು, ಯಾವ ವಿಳಾಸಕ್ಕೆ ಪ್ರಶ್ನೆ ಕಳಿಸಬೇಕು, ಉತ್ತರ ಯಾವ ವಿಳಾಸದಿಂದ ಬರುತ್ತದೆ, ಉತ್ತರಕ್ಕೆ ಎಷ್ಟು ಹೊತ್ತು ಕಾಯಬೇಕು, ಬೀಗ ತೆಗೆಯುವ ಕೀ ಯಾವುದು, ಇಷ್ಟನ್ನೂ ಸೆಟ್ಟಿಂಗಿನಲ್ಲಿ ಮೊದಲೇ ಬರೆದಿಡಬೇಕು. ಒಂದು ಅಂಕಿ ತಪ್ಪಿದರೆ ಕಂಟ್ರೋಲ್ ಯೂನಿಟ್ಟು ಮುನಿಸಿಕೊಂಡ ನಾದಿನಿಯ ಹಾಗೆ ಮುಖ ತಿರುಗಿಸಿ ಕೂರುತ್ತದೆ.

ಇನ್ನೊಮ್ಮೆ ಸರ್ ಇದನ್ನೆಲ್ಲ ಕಾಲೇಜಿನಲ್ಲಿ ಕಲಿತವರಲ್ಲ. ಮೊದಲು ಅವರು ಎಂಜಿನ್ನಿಗೆ ಸ್ಕ್ರೂಡ್ರೈವರ್ ಆನಿಸಿ, ಅದರ ಹಿಡಿಯನ್ನು ಕಿವಿಗೆ ಒತ್ತಿಕೊಂಡು ರೋಗ ಹೇಳುತ್ತಿದ್ದ ಮೆಕ್ಯಾನಿಕ್ಕು. ಕಂಟ್ರೋಲ್ ಯೂನಿಟ್ಟುಗಳು ಬಂದಾಗ ನಲವತ್ತರ ಹತ್ತಿರ ಇದ್ದರಂತೆ. "ಇನ್ನು ನಿಮ್ಮ ಕಿವಿಗೆ ರಜಾ," ಎಂದು ಯಾರೋ ನಕ್ಕರಂತೆ. ಇವರು ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಶೂ ಡಬ್ಬಿಯ ಮುಚ್ಚಳ ಹರಿದು, ಪ್ರತಿ ಗಾಡಿಯ ಸೆಟ್ಟಿಂಗನ್ನೂ ಅದರ ಮೇಲೆ ದುಂಡಗೆ ಬರೆದಿಟ್ಟುಕೊಂಡರು. ಈಗ ಅವರ ಬೀರುವಿನಲ್ಲಿ ಅಂಥ ರಟ್ಟುಗಳು ಇನ್ನೂರು ಚಿಲ್ಲರೆ ಇವೆ. ಇಷ್ಟು ಶೂ ಯಾರು ಕೊಂಡರು ಎಂದು ನಾನು ಕೇಳಿದ್ದೆ. "ಮೂವರು ಹೆಣ್ಣುಮಕ್ಕಳು," ಅಂದರು.

ಸೆಟ್ಟಿಂಗನ್ನು ಒಬ್ಬರು ಜೋರಾಗಿ ಓದಬೇಕು, ಇನ್ನೊಬ್ಬರು ತಿರುಗಿ ಹೇಳಬೇಕು. ಅದೂ ಅವರದೇ ಪದ್ಧತಿ. ಕೆಲಸಕ್ಕೆ ಸೇರಿದ ಮೊದಲ ವಾರ, ಇದೇನು ಮಗ್ಗಿ ಒಪ್ಪಿಸುವುದು ಎಂದು ನಾನು ಓದದೆಯೇ ವಿಳಾಸ ಹಾಕಿದ್ದೆ. ಒಂದು ಅಂಕಿ ಆಚೀಚೆಯಾಗಿ ಪ್ರಶ್ನೆ ಎಂಜಿನ್ನಿಗೆ ಹೋಗುವ ಬದಲು ಬಾಗಿಲಿನ ಯೂನಿಟ್ಟಿಗೆ ಹೋಯಿತು. ಅರ್ಧ ಗಂಟೆ ನಾನು ಎಂಜಿನ್ ಎಷ್ಟು ಬಿಸಿಯಾಗಿದೆ ಎಂದು ಬಾಗಿಲನ್ನು ಕೇಳುತ್ತಿದ್ದೆ. ಲ್ಯಾಪ್‌ಟಾಪಿನ ಪರದೆಯಲ್ಲಿ ಬಿಸಿ ತೋರಿಸುವ ಗೆರೆ ಮಲಗಿದ್ದು ಏಳಲೇ ಇಲ್ಲ. ಸರ್ ಬಂದು ಪರದೆ ನೋಡಿ, "ಪಾಪ, ಬಾಗಿಲು ತನಗೆ ಗೊತ್ತಿದ್ದಷ್ಟು ಹೇಳಿದೆ," ಅಂದರು. ಬೈಗುಳ ಅಷ್ಟೇ. ಅದರ ಬದಲು ನಾಲ್ಕು ಮಾತು ಜಾಡಿಸಿದ್ದರೆ ಆ ರಾತ್ರಿ ನನಗೆ ನಿದ್ದೆಯಾದರೂ ಬರುತ್ತಿತ್ತು.

ಶನಿವಾರ ನಾವು ಅಳೆಯುತ್ತಿದ್ದದ್ದು ಕೀ ತೆಗೆದ ಮೇಲೂ ಫ್ಯಾನು ಎಷ್ಟು ಹೊತ್ತು ತಿರುಗುತ್ತದೆ ಎಂಬುದನ್ನು. ಕೀ ತೆಗೆದರೆ ಕಂಟ್ರೋಲ್ ಯೂನಿಟ್ಟು ಮಲಗಿಬಿಡುತ್ತದೆ. ಮಲಗದಂತೆ ತಡೆಯಲು ಲಾಗರ್ ಎಂಬ ಅಂಗೈಯಗಲದ ಉಪಕರಣ ಎರಡು ಸೆಕೆಂಡಿಗೊಮ್ಮೆ 'ಇದ್ದೀನಿ, ಇದ್ದೀನಿ' ಎಂಬ ಸಂದೇಶ ಕಳಿಸುತ್ತಿರಬೇಕು. ಕೀ ತೆಗೆದರೆ ಸಂದೇಶ ನಿಲ್ಲಿಸು ಎಂಬ ಸೆಟ್ಟಿಂಗನ್ನು ಅದಕ್ಕಾಗಿಯೇ ನಾನು ಆಫ್ ಮಾಡಿದ್ದೆ. ಸರ್ ಓದಿದರು, ನಾನು ತಿರುಗಿ ಹೇಳಿದೆ. ಅಲ್ಲಿಯವರೆಗೆ ಎಲ್ಲ ನೆನಪಿದೆ.

ಸಂಜೆ ಐದೂವರೆಗೆ ಮಗುವನ್ನು ನೋಡಿಕೊಳ್ಳುವ ಆಂಟಿ ಫೋನು ಮಾಡಿದರು. "ಮೈ ಸ್ವಲ್ಪ ಬೆಚ್ಚಗಿದೆ ಕಣಮ್ಮ, ಗಾಬರಿಯಾಗಬೇಡ." ಗಾಬರಿಯಾಗಬೇಡ ಅಂದರೆ ನನಗೆ ಎರಡು ಪಟ್ಟು ಗಾಬರಿ. ಹಿಂದಿನಿಂದ ಮಗುವಿನ ಅಳು ಕೇಳಿಸಿತು. ಕೇಳಿಸಿದ್ದೇ ತಡ ಎದೆಹಾಲು ಸೋರಿ ಅಂಗಿ ಒದ್ದೆಯಾಯಿತು. ಬಸ್ಸಿನ ಆಚೆ ಐದು ಜನ ಗಂಡಸರು. ಕೈಗೆ ಸಿಕ್ಕಿದ ಬಟ್ಟೆ ಎಳೆದು ಎದೆಗೆ ಒತ್ತಿಕೊಂಡೆ. ಸಿಕ್ಕಿದ್ದು ಸ್ಟೀರಿಂಗಿನ ಮೇಲಿನದು. ಲ್ಯಾಪ್‌ಟಾಪನ್ನು ಕಂಕುಳಲ್ಲಿ ಇರುಕಿಕೊಂಡು ಇಳಿದೆ.

"ಆಯ್ತೇನಮ್ಮಾ? ಕಳಚಿದ್ಯಾ?" ಎಂದು ಸರ್ ಕೇಳಿದರು.

"ಆಯ್ತು ಸರ್," ಅಂದೆ. ಮನೆಗೆ ಓಡುವ ಹೆಂಗಸು ಯಾವ ಪ್ರಶ್ನೆಗಾದರೂ ಅದನ್ನೇ ಹೇಳುತ್ತಾಳೆ.

ಅವರು ಕಿಟಕಿಯಿಂದ ಸ್ಟೀರಿಂಗು ನೋಡಿದರು. ಬಟ್ಟೆ ಇರಲಿಲ್ಲ. "ನೀನು ಹೊರಡು, ಮಗು ನೋಡ್ಕೋ," ಎಂದು ತಪಾಸಣೆ ಹಾಳೆಗೆ ಸಹಿ ಹಾಕಿದರು. ಇನ್ನೊಮ್ಮೆ ಅನ್ನಲಿಲ್ಲ.

ಸೋಮವಾರ ಬೆಳಿಗ್ಗೆ ಏಳಕ್ಕೆ ಬಸ್ಸು ಕೊಳ್ಳುವವರು ಬರುತ್ತಾರೆ. ರಾತ್ರಿಯೆಲ್ಲ ತಣ್ಣಗೆ ನಿಂತ ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್ ಆಗುವುದನ್ನು ಅವರು ನೋಡಬೇಕು. ಲಾಗರ್ ಇನ್ನೂ ಗಾಡಿಯಲ್ಲೇ ಇದ್ದರೆ ಕಂಟ್ರೋಲ್ ಯೂನಿಟ್ಟು ಕಣ್ಣು ಮುಚ್ಚಿರುವುದಿಲ್ಲ. ಮೂರು ಆಂಪಿಯರ್ ಎಳೆಯುತ್ತದೆ ಎಂದು ಹಿಡಿದು, ಮಗುವಿನ ಜ್ವರಕ್ಕೆ ಡಾಕ್ಟರು ಬರೆದ ಚೀಟಿಯ ಹಿಂದೆ ಗುಣಿಸಿ ನೋಡಿದೆ. ಏಳು ಗಂಟೆಗೆ ಬ್ಯಾಟರಿಯಲ್ಲಿ ಹಾರನ್ ಹೊಡೆಯುವಷ್ಟೂ ಉಳಿದಿರುವುದಿಲ್ಲ. ಹಾಳೆಯ ಮೇಲಿನ ಸಹಿ ನನ್ನದಲ್ಲ, ಅವರದು. ಅವರಿಗೆ ನಿವೃತ್ತಿಗೆ ಇನ್ನು ಹನ್ನೊಂದು ದಿನ.

ಮಗುವಿನ ಜ್ವರ ನೋಡಿದೆ. ಇರಲಿಲ್ಲ. ಇನ್ನೊಮ್ಮೆ ನೋಡಿದೆ. ಆಗಲೂ ಇರಲಿಲ್ಲ. ಫೋನು ತೆಗೆದುಕೊಂಡು ಕೆಳಗಿಟ್ಟೆ. ಹೆರಿಗೆ ರಜೆಯಿಂದ ಬಂದು ಎರಡು ತಿಂಗಳು. ಮ್ಯಾನೇಜರ್ ಆಗಲೇ, "ಮಗುವಾದ ಮೇಲೆ ಸ್ವಲ್ಪ ಮರೆವು ಇರುತ್ತೆ ಬಿಡಿ," ಎಂದು ಎಲ್ಲರ ಮುಂದೆ ದೊಡ್ಡ ಮನಸ್ಸು ತೋರಿಸಿದ್ದಾರೆ. ಅಲ್ಲದೆ ಲಾಗರ್ ಕಳಚಿಯೂ ಇರಬಹುದು. ಆಮೇಲೆ ಬಟ್ಟೆ ಯಾಕೆ ತೆಗೆದೆ ಎಂದು ಸರ್ ಕೇಳುತ್ತಾರೆ. ಅಪ್ಪನ ವಯಸ್ಸಿನ ಮನುಷ್ಯನಿಗೆ ಅದನ್ನು ಹೇಗೆ ಹೇಳುವುದು?

"ಆ ಫೋನನ್ನ ಎಷ್ಟು ಸಲ ಎತ್ತಿ ಇಳಿಸ್ತೀಯ? ಅದೇನು ಕೂಸೇ?" ಅಂದರು ಅತ್ತೆ. "ಮಾಡು, ಇಲ್ಲಾ ನನಗೆ ಕೊಡು, ಯಾರಿಗೆ ಅಂತ ಹೇಳು, ನಾನೇ ಬೈಸ್ಕೋತೀನಿ."

ಮೂರು ಗಂಟೆಗೆ ಮಾಡಿದೆ. ಒಂದೇ ರಿಂಗಿಗೆ ಎತ್ತಿದರು.

"ಸರ್, ಲಾಗರ್ ಕಳಚಿದ್ದು ನೆನಪಿಲ್ಲ. ಬಟ್ಟೆ ನನ್ನ ಹತ್ತಿರ ಇದೆ."

"ಇನ್ನೊಮ್ಮೆ ಹೇಳು."

ಹೇಳಿದೆ.

"ಕಳಚದೆ ಬಟ್ಟೆ ಯಾಕೆ ತೆಗೆದೆ?"

ಗೋಡೆ ನೋಡಿಕೊಂಡು ಅದನ್ನೂ ಹೇಳಿದೆ.

"ಹೂಂ," ಅಂದರು. "ನಮ್ಮ ಮನೆಯವಳೂ ಮೂರು ಸಲ ಪಟ್ಟ ಪಾಡು ಅದು. ನಿಯಮ ಮಾಡುವಾಗ ನನಗೆ ಹೊಳೀಲಿಲ್ಲ. ಯಾಕೆ ಅಳ್ತಾ ಇದೀಯ?"

"ಅಳ್ತಿರೋದು ಮಗು ಸರ್."

"ಸರಿ. ಫೋನು ಇಡಬೇಡ."

ಅವರ ಮನೆ ವರ್ಕ್‌ಶಾಪಿನ ಹಿಂದಿನ ಬೀದಿ. ಚಪ್ಪಲಿಯ ಸದ್ದು ಕೇಳಿಸಿತು, ಆಮೇಲೆ ಗೇಟು. "ಏನ್ ಸಾರ್, ಭಾನುವಾರನೂ ಗಾಡಿಗೆ ಬಿಡುವು ಕೊಡಲ್ವಾ?" ಎಂದ ವಾಚ್‌ಮನ್. "ಅದೇ ನನಗೆ ಬಿಡುವು ಕೊಡ್ತಿಲ್ಲ ಕಣಯ್ಯ," ಅಂದರು ಇವರು. ಬಸ್ಸಿನ ಬಾಗಿಲು ಕಿರುಗುಟ್ಟಿತು. ನಾನು ಉಸಿರು ಹಿಡಿದಿದ್ದೆ. ಅತ್ತೆಯೂ ಹಿಡಿದಿದ್ದರು, ಏತಕ್ಕೆ ಎಂದು ಗೊತ್ತಿಲ್ಲದೆ.

"ಇದೆ," ಅಂದರು ಸರ್. "ದೀಪ ಮಿನುಗ್ತಿದೆ. ನಿನ್ನೆಯಿಂದ ಇದ್ದೀನಿ ಇದ್ದೀನಿ ಅಂತಾನೇ ಇದೆ, ಪಾಪ." ಕಟಕ್ ಎಂದಿತು. "ಕಳಚಿದೆ. ಬ್ಯಾಟರಿ ಇಪ್ಪತ್ನಾಲ್ಕು ವೋಲ್ಟಿಗೆ ಒಂದು ಕೂದಲೆಳೆ ಕಮ್ಮಿ. ಚಾರ್ಜಿಗೆ ಹಾಕ್ತೀನಿ, ಬೆಳಿಗ್ಗೆಗೆ ತುಂಬುತ್ತೆ."

ಆಮೇಲೆ ಕಾಗದದ ಮೇಲೆ ಪೆನ್ನು ಎಳೆದ ಸದ್ದು.

"ಸರ್, ಏನು ಮಾಡ್ತಿದೀರಿ?"

"ನನ್ನ ಸಹಿಗೆ ಗೀಟು ಹೊಡೀತಿದೀನಿ."

"ಬೇಡ ಸರ್. ಗಾಡಿ ಸರಿಹೋಯ್ತಲ್ಲ, ಯಾರಿಗೂ ಗೊತ್ತಾಗಲ್ಲ. ಮೂವತ್ತೊಂದು ವರ್ಷ ಸರ್!"

"ಗಾಡಿಯೊಳಗೆ ಹೋಗಿ ನೋಡದೆ ಹಾಕಿದ ಸಹಿ ಅದು. ಬಟ್ಟೆ ನೋಡಿ ಹಾಕಿದೆ." ಅವರು ನಿಧಾನವಾಗಿ, ರಟ್ಟಿನ ಮೇಲೆ ಬರೆಯುವ ಹಾಗೆಯೇ ಬರೆಯುತ್ತಾ ಓದಿದರು: "ಶನಿವಾರ ಲಾಗರ್ ಗಾಡಿಯಲ್ಲೇ ಉಳಿದಿತ್ತು. ಬಿಟ್ಟವರು ಇಬ್ಬರು." ಹಾಳೆ ಮಡಿಸಿದರು. "ನಾಳೆ ಆರು ಗಂಟೆಗೆ ಬಾ. ಸೆಟ್ಟಿಂಗ್ ಹಳೇ ಹಾಗೆ ಮಾಡಿ ಓದು, ನಾನು ತಿರುಗಿ ಹೇಳ್ತೀನಿ. ಒಳಗೆ ಹತ್ತಿ ನೋಡಿ ಇಬ್ಬರೂ ಸಹಿ ಹಾಕೋಣ. ಬಟ್ಟೆ ತಗೊಂಡು ಬಾ."

"ತೊಳೆದು ತರ್ತೀನಿ ಸರ್."

"ಇನ್ನೊಮ್ಮೆ ಹೇಳು."

"ಆರು ಗಂಟೆ. ಸೆಟ್ಟಿಂಗ್. ಬಟ್ಟೆ, ತೊಳೆದದ್ದು."

"ಮಗು ಅಳು ನಿಲ್ಲಿಸ್ತಾ?"

"ನಿಲ್ಲಿಸ್ತು ಸರ್."

"ಹಾಗಾದ್ರೆ ಈಗ ಅಳ್ತಿರೋದು ಯಾರು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಫೋನಿಟ್ಟರು.