ಊಟದ ಮೇಜಿಗೆ ಸೇವಂತಿಗೆ, ಕಿತ್ತಳೆ ಸಿಪ್ಪೆ

ಧನುರ್ಮಾಸ ಶುರುವಾಗುವುದರೊಳಗೆ ನಿಶ್ಚಿತಾರ್ಥ ಮುಗಿಸಿಬಿಡೋಣ ಎಂದು ಗಂಡಿನ ಕಡೆಯವರು ಹೇಳಿದಾಗ ಛತ್ರ ಹುಡುಕಲು ಹೊತ್ತಿರಲಿಲ್ಲ. ಶಂಕರಪುರಂನ ಅತ್ತಿಗೆಯ ಮನೆಯಲ್ಲೇ ಮಾಡುವುದು, ಎರಡು ಮನೆಯವರಷ್ಟೇ ಸೇರುವುದು ಎಂದಾಯಿತು. ಅತ್ತಿಗೆ ಎಂದರೆ ತೀರಿಹೋದ ನನ್ನ ಅಣ್ಣನ ಹೆಂಡತಿ. ನಿಶ್ಚಯವಾಗಿದ್ದು ಅವರ ಒಬ್ಬಳೇ ಮಗಳಿಗೆ.

ಹುಡುಗಿ ಫೋನಿನಲ್ಲಿ ಯಾವುದೋ ಚಳಿ ದೇಶದ ಊಟದ ಮೇಜಿನ ಚಿತ್ರ ತೋರಿಸಿದಳು. ನಡುವೆ ಉದ್ದಕ್ಕೂ ಹಸಿರೆಲೆ, ಒಣ ಕಾಯಿಗಳು, ಮೇಣದ ಬತ್ತಿ. "ಅತ್ತೆ, ನಮ್ಮ ಟೇಬಲ್ ಮೇಲೂ ಹಿಂಗೇ ಏನಾದ್ರೂ ಮಾಡೋಣ" ಅಂದಳು. ಅಲಂಕಾರದವರನ್ನು ವಿಚಾರಿಸಿದೆ. ಅವರು ಹೇಳಿದ ದರದಲ್ಲಿ ಬಂದವರಿಗೆಲ್ಲ ಇನ್ನೊಂದು ಊಟ ಹಾಕಬಹುದಿತ್ತು. ಅತ್ತಿಗೆಯ ಮನೆ ನಡೆಯುವುದು ಪಿಂಚಣಿಯಲ್ಲಿ. ಅದಕ್ಕೇ, ನಾನೇ ಮಾಡ್ತೀನಿ ಬಿಡು ಎಂದು ಜಂಬ ಕೊಚ್ಚಿಕೊಂಡೆ. ವರ್ಷಕ್ಕೊಮ್ಮೆ ಬಾಗಿಲಿಗೆ ತೋರಣ ಕಟ್ಟುವಾಗಲೂ ಸೊಟ್ಟ ಕಟ್ಟುವ ಕೈ ನನ್ನದು.

ಹೂವಿನ ಕೈ ಇದ್ದದ್ದು ಅತ್ತಿಗೆಗೆ. ಮೊದಲೆಲ್ಲ ಮಾತಾಡುತ್ತಾ ಮಾತಾಡುತ್ತಾ ಬುಟ್ಟಿ ಹೂ ಕಟ್ಟಿ ಮುಗಿಸುತ್ತಿದ್ದರು. ಅಣ್ಣ ಹೋದ ಮೇಲೆ ಹೂ ಮುಟ್ಟುವುದನ್ನೇ ಬಿಟ್ಟರು. ಮುಟ್ಟಬೇಡಿ ಎಂದು ನಾವ್ಯಾರೂ ಹೇಳಲಿಲ್ಲ. ಮುಟ್ಟಿ ಎಂದೂ ಹೇಳಲಿಲ್ಲ. ಮನೆಯಲ್ಲಿ ಏನೇ ಶುಭಕಾರ್ಯವಾದರೂ ಅಡುಗೆಮನೆ ಬಾಗಿಲಲ್ಲಿ ನಿಲ್ಲುವರು, ಎಲ್ಲರದೂ ಮುಗಿದ ಮೇಲೆ ಒಳಗೆ ಒಬ್ಬರೇ ತಟ್ಟೆ ಹಾಕಿಕೊಂಡು ಕೂರುವರು. ಅದನ್ನು ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಈ ಸಲವೂ ಅದೇ ಹೇಳಿದರು. "ತಾಂಬೂಲದ ತಟ್ಟೆ ನೀನೂ ನಿಮ್ಮೆಜಮಾನ್ರೂ ಬದಲಾಯಿಸ್ಕೊಳ್ಳಿ. ನಾನು ಆಮೇಲೆ ಒಳಗೇ ಊಟ ಮಾಡ್ತೀನಿ." ಹುಡುಗಿ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಅತ್ತಳು. "ಅಮ್ಮ ನನ್ ಪಕ್ಕ ಕೂತು ಊಟ ಮಾಡ್ಲಿಲ್ಲ ಅಂದ್ರೆ ನಂಗೆ ಗಂಟಲಲ್ಲಿ ಇಳಿಯಲ್ಲ ಅತ್ತೆ." ತಾಯಿಯ ಎದುರು ಇದನ್ನು ಹೇಳುವ ಧೈರ್ಯ ಅವಳಿಗಿರಲಿಲ್ಲ. ಊರಿಗೆಲ್ಲ ಬಾಯಿ ಮಾಡುವ ನನಗೂ ಇರಲಿಲ್ಲ.

ಹಿಂದಿನ ದಿನ ಸಾಮಾನು ಹೊಂದಿಸಿದೆ. ಪಾರ್ಕಿನಲ್ಲಿ ಸರ್ವೆ ಮರದ ಕೆಳಗೆ ಉದುರಿದ್ದ ಪುಟ್ಟ ಒಣ ಕಾಯಿಗಳನ್ನು ಸೆರಗಿಗೆ ತುಂಬಿಕೊಂಡೆ. ವಾಕಿಂಗಿಗೆ ಬಂದವರು ಯಾಕೋ ನನ್ನಿಂದ ಸ್ವಲ್ಪ ದೂರವೇ ನಡೆದರು. ಸಿಲ್ವರ್ ಓಕ್ ಮರದ ಎಲೆ ಬೀದಿಯಲ್ಲೇ ಸಿಕ್ಕಿತು. ಅದರ ಬೆನ್ನು ಬೂದಿ ಬಳಿದಷ್ಟು ಬೆಳ್ಳಗೆ. ಸಂಜೆ ಗಾಂಧಿ ಬಜಾರಿನಲ್ಲಿ ಅಂಗಡಿ ಎತ್ತುವ ಹೊತ್ತಿಗೆ ಹೋದರೆ ಬಿಡಿ ಸೇವಂತಿಗೆಯನ್ನು ಅಗ್ಗಕ್ಕೆ ಸುರಿದುಕೊಡುತ್ತಾರೆ. ಒಂದು ಕಟ್ಟು ಮರುಗವನ್ನೂ ತಂದೆ. ಹಿತ್ತಾಳೆಯ ಉದ್ದನೆಯ ಹರಿವಾಣ ಅತ್ತಿಗೆಯ ಅಟ್ಟದಲ್ಲೇ ಇತ್ತು. ಹುಣಸೆಹಣ್ಣು ಹಾಕಿ ತಿಕ್ಕಿದೆ.

ಎಲ್ಲವನ್ನೂ ಅದರಲ್ಲಿ ರಾಶಿ ಹಾಕಿ ನೋಡಿದರೆ, ಸಂತೆಯಿಂದ ತಂದು ಇನ್ನೂ ವಿಂಗಡಿಸದ ಸೊಪ್ಪಿನ ಹಾಗಿತ್ತು. ದೀಪ ಇಟ್ಟರೆ ಕಳೆ ಬಂದೀತು ಎಂದು ನಾಲ್ಕು ನಿಂಬೆಹಣ್ಣು ಹೆಚ್ಚಿ, ರಸ ಹಿಂಡಿ, ಸಿಪ್ಪೆ ಮಗುಚಿ, ಬತ್ತಿ ಹೊಸೆಯುತ್ತಾ ಕೂತೆ. ಅತ್ತಿಗೆ ಬಾಗಿಲಿಂದಲೇ ನೋಡಿದರು.

"ಏನೇ ಅದು?"

"ದೀಪ. ಮೇಣದ ಬತ್ತಿಗೆ ಯಾಕೆ ದುಡ್ಡು ದಂಡ ಅಂತ."

"ನಿಂಬೆಹಣ್ಣಿನ ದೀಪ ರಾಹುಕಾಲದಲ್ಲಿ ದೇವಿ ಗುಡೀಲಿ ಹಚ್ಚೋದು ಕಣೇ. ಮನೇಲಿ ಯಾರಾದ್ರೂ ಹಚ್ತಾರಾ? ಅದೂ ನಿಶ್ಚಿತಾರ್ಥದ ದಿನ. ಬೀಗರು ಎದ್ದು ಹೋಗ್ತಾರೆ."

ನನಗೆ ನಿಜವಾಗಿಯೂ ಹೊಳೆದಿರಲಿಲ್ಲ. ಗುಡಿಯಲ್ಲಿ ಸಾಲುಸಾಲಾಗಿ ಉರಿಯುವುದನ್ನು ನೋಡಿದ್ದೆ, ಚೆಂದ ಕಂಡಿತ್ತು, ಅಷ್ಟೇ. ಅತ್ತಿಗೆ ಒಳಗೆ ಬಂದು ನಿಂಬೆಯ ಸಿಪ್ಪೆಗಳನ್ನೆಲ್ಲ ಬಾಚಿ ಬಿಸಾಡಿದರು. ಹಣ್ಣಿನ ಬುಟ್ಟಿಯಿಂದ ಕಿತ್ತಳೆ ತೆಗೆದು, ನಡುವಿಗೆ ಸುತ್ತಲೂ ಚಾಕು ಎಳೆದು, ಹೆಬ್ಬೆರಳು ತೂರಿಸಿ ತೊಳೆಗಳನ್ನು ಬಿಡಿಸಿದರು. ಅರ್ಧ ಸಿಪ್ಪೆಯ ನಡುವೆ ಬಿಳಿಯ ನಾರು ಬತ್ತಿಯ ಹಾಗೆ ಎದ್ದು ನಿಂತಿತ್ತು. "ಇದನ್ನ ಬೆಳಗಿನ ತನಕ ಆರೋಕೆ ಬಿಡು. ಎಣ್ಣೆ ಹಾಕಿದ್ರೆ ಹತ್ಕೊಳ್ಳತ್ತೆ" ಅಂದರು.

ಆಮೇಲೆ ಅವರ ಕಣ್ಣು ಹರಿವಾಣದ ಮೇಲೆ ಬಿತ್ತು. "ಇಷ್ಟೆತ್ತರ ಇಟ್ರೆ ಎದುರಿಗೆ ಕೂತವರ ಮುಖ ಕಾಣಲ್ಲ. ಎರಡು ಕಡೆ ಬಾಳೆಲೆ ಹಾಸಿದ್ಮೇಲೆ ಮಧ್ಯ ಗೇಣಗಲ ಜಾಗ ಉಳಿಯತ್ತೆ ಅಷ್ಟೆ." ಹೇಳುತ್ತಾ ಹೇಳುತ್ತಾ ಕೂತೇಬಿಟ್ಟರು. ಬೂದುಬಣ್ಣದ ಬೆನ್ನು ಮೇಲೆ ಬರುವಂತೆ ಎಲೆ ಹಾಸಿದರು. ಸೇವಂತಿಗೆಯ ತೊಟ್ಟು ಮುರಿದು ತಗ್ಗಾಗಿ ಜೋಡಿಸಿದರು, ಹಳದಿ ನಡುವೆ, ಬಿಳಿ ಅಂಚಿಗೆ. ಮರುಗವನ್ನು ಎರಡೇ ಕಡ್ಡಿ ಇಟ್ಟು ಉಳಿದದ್ದನ್ನು ನನ್ನ ಕೈಗೆ ಕೊಟ್ಟರು, ಜಾಸ್ತಿಯಾದರೆ ಸಾರಿನ ಘಮ ತಿಳಿಯುವುದಿಲ್ಲವಂತೆ. ಅಣ್ಣ ಹೋದ ಮೇಲೆ ಮೊದಲ ಸಲ ಅವರು ಹೂ ಮುಟ್ಟಿದ್ದರು. ಬಾಯಿ ಬಿಟ್ಟರೆ ಎಲ್ಲಿ ನಿಲ್ಲಿಸಿಬಿಡುವರೋ ಎಂದು ನಾನು ಉಸಿರೆತ್ತಲಿಲ್ಲ.

ಮರುದಿನ ತಟ್ಟೆ ಬದಲಾಯಿಸುವಾಗ ಅತ್ತಿಗೆ ಬಾಗಿಲಲ್ಲೇ ನಿಂತರು. ಮಗಳು ಅತ್ತ ನೋಡುತ್ತಲೇ ಇದ್ದಳು. ಊಟಕ್ಕೆ ಎಲೆ ಹಾಕಿದೆವು. ಹಳೆಯ ಮನೆಯ ನಡುಮನೆ ಮಧ್ಯಾಹ್ನವೂ ಮಬ್ಬು. ಕಿತ್ತಳೆ ದೀಪ ಹಚ್ಚಿದೊಡನೆ ಬಂದವರು ಮಾತು ನಿಲ್ಲಿಸಿ ನೋಡಿದರು. ಅತ್ತಿಗೆ ಒಳಗೆ ಹೋದರು.

ಆದರೆ ಅಷ್ಟು ಚಿಕ್ಕ ಸಿಪ್ಪೆಯಲ್ಲಿ ಎಣ್ಣೆ ಎಷ್ಟು ಹಿಡಿದೀತು? ಅನ್ನ ಬಡಿಸುವ ಹೊತ್ತಿಗೆ ಒಂದು ದೀಪ ಕುಗ್ಗತೊಡಗಿತು. ಶುಭದ ದಿನ ದೀಪ ಆರಬಾರದಲ್ಲ, ಅತ್ತಿಗೆ ಎಣ್ಣೆ ಬಟ್ಟಲು ಹಿಡಿದು ಓಡಿ ಬಂದರು, ಎರೆದು ಹೋದರು. ಅಷ್ಟರಲ್ಲಿ ಇನ್ನೊಂದು. ಮತ್ತೆ ಬಂದರು. ಗಂಡಿನ ತಾಯಿ ಕೈ ಅಡ್ಡ ಹಿಡಿದು ಗಾಳಿ ತಡೆದರು. ಮೂರನೆಯ ಸಲ ಬಂದಾಗ ಮಗಳು ಪಕ್ಕದ ಕುರ್ಚಿ ಎಳೆದಳು.

"ಎಷ್ಟು ಸಲ ಓಡಾಡ್ತೀಯಮ್ಮ. ಇಲ್ಲೇ ಕೂತು ನೋಡ್ಕೊ."

"ದೀಪ ನೋಡ್ಕೊಳ್ಳೋಕೆ ಅಷ್ಟೇ" ಎಂದು ಅತ್ತಿಗೆ ಕುರ್ಚಿಯ ತುದಿಯಲ್ಲಿ ಕೂತರು. ನಾನು ಸದ್ದಿಲ್ಲದೆ ಅವರ ಮುಂದೆ ಎಲೆ ಹಾಕಿ ಅನ್ನ, ಹುಳಿ ಬಡಿಸಿದೆ. ಎಲೆ ಹಾಕಿದ ಮೇಲೆ ಎದ್ದು ಹೋಗುವ ಹಾಗಿಲ್ಲ. ಅವರು ನನ್ನನ್ನೊಮ್ಮೆ ದುರುಗುಟ್ಟಿ ನೋಡಿದರು. ಗಂಡಿನ ತಾಯಿ, "ನೀವೂ ಶುರು ಮಾಡಿ, ನಾನು ಎರಡು ತುತ್ತು ತಿಂದು ನಿಮಗೇ ಕಾಯ್ತಿದೀನಿ" ಅಂದರು. ಅತ್ತಿಗೆ ಅನ್ನಕ್ಕೆ ಹುಳಿ ಕಲಸಿದರು. ಒಂದು ತುತ್ತು ಬಾಯಿಗಿಟ್ಟರು.

ನಮ್ಮಲ್ಲಿ ಅಡುಗೆ ಮಾಡುವಾಗ ರುಚಿ ನೋಡುವುದಿಲ್ಲ, ಎಂಜಲಾಗುತ್ತದೆ. ಯಾವಾಗಲೂ ಕೊನೆಗೆ ಉಣ್ಣುವ ಅತ್ತಿಗೆಗೆ ಹುಳಿಯ ಹದ ಗೊತ್ತಾಗುತ್ತಿದ್ದುದು ಎಲ್ಲರೂ ಕೈ ತೊಳೆದ ಮೇಲೆ.

"ಹುಳಿಗೆ ಉಪ್ಪೇ ಬಿದ್ದಿಲ್ವಲ್ರೀ" ಅಂದರು, ಬೀಗಿತ್ತಿಯ ಮುಖ ನೋಡಿ.

"ಹೂಂ ರೀ. ಹೇಳೋಕೆ ಸಂಕೋಚ ಆಯ್ತು."

ಇಬ್ಬರೂ ನಕ್ಕರು. ಹುಡುಗಿ ತಲೆ ತಗ್ಗಿಸಿ ಗಬಗಬ ಉಣ್ಣತೊಡಗಿದಳು. ಹುಳಿ ಮಾಡಿದ್ದವಳು ನಾನು. ಉಪ್ಪು ತರುತ್ತೇನೆಂದು ಒಳಗೆ ಹೋದವಳಿಗೆ ಕಣ್ಣು ಒರೆಸಿಕೊಂಡು ಬರುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು.