ಡಾಕ್ಟರ ಮುಂದೆ ಆಯಿಯ ಸಾಕ್ಷಿ

ಸ್ಕೂಟರಿನ ಪೆಟ್ರೋಲ್ ಟ್ಯಾಂಕನ್ನು ಸೀಟಿನ ಕೆಳಗೆ ಇಡಬೇಕೆಂದು ಮೊದಲು ಯಾರಿಗೆ ಹೊಳೆಯಿತೋ ತಿಳಿಯದು. ಅವರಿಂದಾಗಿ ನಾನು ನನ್ನ ತಾಯಿಯನ್ನು ಹೆದ್ದಾರಿಯ ಪೆಟ್ರೋಲ್ ಬಂಕಿನಲ್ಲಿ ಮರೆತು ಬಂದೆ. ಪೆಟ್ರೋಲ್ ಹಾಕಬೇಕಾದರೆ ಸೀಟು ಎತ್ತಬೇಕು, ಸೀಟು ಎತ್ತಬೇಕಾದರೆ ಹಿಂದೆ ಕೂತವರು ಇಳಿಯಬೇಕು. ಆಯಿ ಇಳಿದಳು. ಪೆಟ್ರೋಲ್ ತುಂಬಿತು, ಸೀಟು ಮುಚ್ಚಿತು, ನಾನು ಹೊರಟೆ. ಅಂಕೋಲೆಯಿಂದ ಬೆಳಂಬಾರದ ನಮ್ಮ ಮನೆಯವರೆಗೂ ಬಂಗಡೆ ಮೀನಿನ ಬೆಲೆ ಹೀಗೇಕೆ ಏರಿತು ಎಂದು ಆಯಿಗೆ ವಿವರಿಸುತ್ತಲೇ ಬಂದೆ. ಆಯಿ ಒಂದಕ್ಕೂ ಉತ್ತರ ಕೊಡಲಿಲ್ಲ. ಕೊಡುವುದು ಹೇಗೆ? ನಾನು ಮಾತ್ರ, ಬಂಗಡೆಯ ವಿಷಯದಲ್ಲಿ ಆಯಿ ನನ್ನ ಮಾತನ್ನು ಒಪ್ಪಿದ್ದು ಇದೇ ಮೊದಲು ಎಂದು ಖುಷಿಪಟ್ಟೆ.

ಮರಳಿ ಹೋದಾಗ ಆಯಿ ಬಂಕಿನ ರಮಾಕಾಂತನ ಕುರ್ಚಿಯಲ್ಲಿ ಕೂತು ಚಹ ಕುಡಿಯುತ್ತಿದ್ದಳು. "ಬಂದ್ಯಾ? ಗಾಳಿ ಹಾಕ್ಸೂಕೆ ಹೋದ್ಯೇನ ಅಂತ ಮಾಡ್ದೆ" ಎಂದಳು. ಇದು ನನ್ನ ನೆನಪು. ಕಾಲೇಜಿನ ಸ್ಟಾಫ್ ರೂಮಿನಲ್ಲಿ ಈ ಕಥೆಯನ್ನು ಹೇಳಿ ಹೇಳಿ ಆಯಿಯ ಮಾತನ್ನು ನಾನೇ ಸ್ವಲ್ಪ ತಿದ್ದಿರಬಹುದು. ಆಗಾಗ ದಿನಚರಿ ಬರೆಯುವವಳು ನಾನು. ಆದರೆ ನನ್ನ ದಿನಚರಿಯಲ್ಲಿ ಆಸಕ್ತಿಕರವಾದ ಏನೂ ನಡೆಯದ ದಿನಗಳು ಮಾತ್ರ ದಾಖಲಾಗಿವೆ. ಏನಾದರೂ ನಡೆದ ದಿನ ಬರೆಯುವುದು ಮರೆತಿರುತ್ತದೆ.

ಸ್ಟಾಫ್ ರೂಮಿನಲ್ಲಿ ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಅಂದಿನಿಂದ ಆಯಿಯನ್ನು ಸ್ಕೂಟರಿನಲ್ಲಿ ಕೂರಿಸುವುದನ್ನು ನಿಲ್ಲಿಸಿದೆ. ನಮ್ಮ ಹೆದ್ದಾರಿಯಲ್ಲಿ ಟ್ಯಾಂಕರುಗಳೂ ಮೀನಿನ ಲಾರಿಗಳೂ ಯಾರನ್ನೂ ಕಾಯುವುದಿಲ್ಲ. ಹಿಂದೆ ತಾಯಿ ಇದ್ದಾಳೋ ಇಲ್ಲವೋ ಎಂಬುದನ್ನೇ ಅರಿಯದವಳು, ಮುಂದೆ ಲಾರಿ ಇದೆಯೋ ಇಲ್ಲವೋ ಎಂಬುದನ್ನು ಅರಿಯುತ್ತಾಳೆ ಎಂಬ ಭರವಸೆ ಏನು? ಆಯಿಗೆ ಇದು ಒಪ್ಪಿಗೆಯಾಗಲಿಲ್ಲ. ಜೀವಮಾನವಿಡೀ ಅಂಕೋಲೆಯ ಪೇಟೆಯಲ್ಲಿ ಮೀನು ಮಾರಿದವಳು ಅವಳು. ಮಾರುವುದನ್ನು ಬಿಟ್ಟ ಮೇಲೂ ಬೆಳಿಗ್ಗೆ ಒಮ್ಮೆ ಅಲ್ಲಿಗೆ ಹೋಗಿ, ಬೇರೆಯವರ ಬುಟ್ಟಿಯ ಮೀನಿನ ಕಿವಿರು ಎತ್ತಿ ನೋಡಿ, ಮೂಗು ಮುರಿದು ಬರದಿದ್ದರೆ ಅವಳಿಗೆ ಊಟ ಸೇರುವುದಿಲ್ಲ. ಸ್ಕೂಟರು ನಿಂತದ್ದರಿಂದ ಅವಳು ಬಸ್ಸಿಗೆ ಕಾಯತೊಡಗಿದಳು, ನನ್ನೊಡನೆ ಮಾತು ಕಡಿಮೆ ಮಾಡಿದಳು. ನಾನು ಡಾಕ್ಟರನ್ನು ಹುಡುಕಿ ಹೊರಟದ್ದು ಹೀಗೆ. ಬೇಕಾದದ್ದು ಇಷ್ಟೇ: ಆಯಿಯನ್ನು ಹಿಂದೆ ಕೂರಿಸಿಕೊಂಡು ಭಯವಿಲ್ಲದೆ ಪೇಟೆಗೆ ಹೋಗಿಬರುವಷ್ಟು ಗಮನ.

ಎ.ಡಿ.ಎಚ್.ಡಿ. ಎಂಬ, ಗಮನ ಒಂದೆಡೆ ನಿಲ್ಲದ ತೊಂದರೆ ವಯಸ್ಕರಲ್ಲಿಯೂ ಇರುತ್ತದೆ ಎಂದು ನಾನು ಓದಿದ್ದೆ. ಓದಿ ಹೋಗುವುದು ಮೊದಲ ತಪ್ಪು. ಅಂಕೋಲೆಯ ನಮ್ಮ ಡಾಕ್ಟರು, "ಮೇಡಂ, ಅದು ಸಣ್ಣ ಮಕ್ಕಳಿಗೆ ಬರೂದು. ನೀವು ಇತಿಹಾಸದಲ್ಲಿ ಎಂ.ಎ. ಮಾಡಿದವ್ರು" ಎಂದರು, ಆ ಪದವಿ ಒಂದು ಲಸಿಕೆಯೋ ಎಂಬಂತೆ. ವಿಟಮಿನ್ ಬರೆದುಕೊಟ್ಟರು. ಮಾತ್ರೆ ತೆಗೆದುಕೊಳ್ಳಲು ಮರೆಯುವುದೇ ನನ್ನ ರೋಗವಾದ್ದರಿಂದ ಅದು ಕೆಲಸ ಮಾಡಿತೋ ಇಲ್ಲವೋ ಗೊತ್ತಾಗಲಿಲ್ಲ. ಕಾರವಾರದ ಇನ್ನೊಬ್ಬರು ಥೈರಾಯ್ಡ್ ನೋಡಿದರು, ಅದು ನೆಟ್ಟಗಿತ್ತು. ಅದಕ್ಕೆ ಅವರಿಗೇ ಸ್ವಲ್ಪ ಬೇಸರವಾದಂತಿತ್ತು. ಹಾಗಾದರೆ ಇದು ಆತಂಕ ಎಂದು ಒಂದು ಮಾತ್ರೆ ಕೊಟ್ಟರು. ಆತಂಕ ಹೋಯಿತು, ಜೊತೆಗೆ ಎಚ್ಚರವೂ ಹೋಯಿತು. ವಿಜಯನಗರದ ಪತನವನ್ನು ಪಾಠ ಮಾಡುತ್ತಾ ನಾನೇ ಮೇಜಿನ ಮೇಲೆ ಪತನಗೊಂಡೆ. ನನ್ನ ವಿದ್ಯಾರ್ಥಿಗಳು ಒಳ್ಳೆಯವರು, ಎಬ್ಬಿಸಲಿಲ್ಲ.

ಕೊನೆಗೆ, ವಾರ ಬಿಟ್ಟು ವಾರ ಕಾರವಾರಕ್ಕೆ ಬರುವ ಮನೋವೈದ್ಯರೊಬ್ಬರ ಬಗ್ಗೆ ತಿಳಿಯಿತು. ದಾವಣಗೆರೆ ಕಡೆಯ ತರುಣ. ನನ್ನ ಮಾತನ್ನು ಮಧ್ಯೆ ತಡೆಯದೆ ಕೇಳಿದ ಮೊದಲ ಡಾಕ್ಟರು. ಹಾಗಾಗಿಯೇ ನಾನು ಬಂಕಿನಿಂದ ಶುರುಮಾಡಿ ಪೋರ್ಚುಗೀಸರ ಮೆಣಸಿನ ವ್ಯಾಪಾರದಲ್ಲಿ ನಿಂತೆ. "ಇರಬಹುದು" ಎಂದರು. "ಆದರೆ ಇದು ಚಿಕ್ಕಂದಿನಿಂದಲೇ ಇರಬೇಕು. ಆಗ ನಿಮ್ಮನ್ನು ನೋಡಿದವರು ಯಾರಾದರೂ ಬಂದು ಹೇಳಿದರೆ ಒಳ್ಳೆಯದು. ಶಾಲೆಯ ಪ್ರಗತಿಪತ್ರ ಇದೆಯೇ?" ಕಳೆದುಹೋಗಿದೆ ಎಂದೆ. ಅದೇ ಸಾಕ್ಷಿ ಅಲ್ಲವೇ ಎಂದೂ ಕೇಳಿದೆ. ಅವರು ನಗಲಿಲ್ಲ.

ನನ್ನ ಬಾಲ್ಯಕ್ಕೆ ಉಳಿದ ಸಾಕ್ಷಿ ಒಬ್ಬಳೇ. ಮುಂದಿನ ಸಲ ಆಯಿಯನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಹಬ್ಬದ ಸೀರೆ ಉಟ್ಟಿದ್ದಳು. ನನಗೆ ಆಗಲೇ ಅನುಮಾನ ಬರಬೇಕಿತ್ತು.

"ಅಮ್ಮಾ, ನಿಮ್ಮ ಮಗಳು ಚಿಕ್ಕವರಿದ್ದಾಗ ಹೇಗಿದ್ದರು?" ಎಂದು ಡಾಕ್ಟರು ಪೆನ್ನು ತೆರೆದರು.

ಆಯಿ ಸೆರಗು ಸರಿಮಾಡಿಕೊಂಡಳು. "ಬಂಗಾರ, ಡಾಕ್ಟ್ರೇ. ಬಂಗಾರದಂಥಾ ಹುಡ್ಗಿ. ನಾ ಹೇಳಿದ್ದು ಬಿಟ್ರೆ ಬೇರೆ ಮಾಡ್ತಿರ್ಲಿಲ್ಲ."

"ಸಾಮಾನು ಕಳೆದುಕೊಳ್ಳುತ್ತಿದ್ದರಾ?"

"ಛೇ ಛೇ! ಒಂದು ಪಿನ್ನು ಕಳೀಲಿಲ್ಲ."

"ಒಂದೇ ಕಡೆ ಕೂರುತ್ತಿದ್ದರಾ?"

"ಕುಂತ್ರೆ ಕುಂತದ್ದೇಯಾ. ದೇವರ ಮೂರ್ತಿ ಹಾಂಗೆ."

"ಈಚೆಗೆ ಏನಾದರೂ ಮರೆತದ್ದು ಉಂಟಾ?"

ನಾನು ಆಯಿಯನ್ನು ನೋಡಿದೆ. ಪೆಟ್ರೋಲ್ ಬಂಕು, ಅದರ ಗಾಳಿಯಂತ್ರದ ಸಮೇತ, ನಮ್ಮಿಬ್ಬರ ನಡುವೆ ಬಂದು ನಿಂತಿತ್ತು. ಆಯಿ ನನ್ನ ಕಡೆ ತಿರುಗಲಿಲ್ಲ. "ಅಂಥಾದ್ದೆಲ್ಲ ನಮ್ಮನೇಲಿ ಇಲ್ಲ" ಎಂದಳು. ಆಮೇಲೆ, ಯಾರೂ ಕೇಳದಿದ್ದರೂ, "ಅಡಿಗಿ ಭಾಳ ಚಲೋ ಮಾಡ್ತದೆ" ಎಂದು ಸೇರಿಸಿದಳು.

ಆಗ ನನಗೆ ಅರ್ಥವಾಯಿತು. ನಮ್ಮ ಕಡೆ ಹೆಣ್ಣು ನೋಡಲು ಬರುವ ಮೊದಲು ಗಂಡಿನವರು ಯಾರನ್ನಾದರೂ ಕಳಿಸಿ ಕೇರಿಯಲ್ಲಿ ವಿಚಾರಿಸುತ್ತಾರೆ. ನಮ್ಮ ಕೇರಿಯಲ್ಲಿ ಹಾಗೆ ಬಂದವರಿಗೆ ಉತ್ತರ ಕೊಡುವುದು ಆಯಿಯ ಹೊಣೆ. ಗುರುತಿಲ್ಲದವರೊಬ್ಬರು ಕೂತು, ನಿಮ್ಮ ಹುಡುಗಿ ಹೇಗೆ ಎಂದು ಕೇಳಿದರೆ ಆಯಿಯ ಬಾಯಿಂದ ಹೊರಡುವುದು ಇದೊಂದೇ ಉತ್ತರ. ಎಷ್ಟೋ ಮದುವೆಗಳು ಆ ಮಾತಿನ ಮೇಲೆ ನಿಂತಿವೆ. ನನ್ನದೂ ಅವುಗಳಲ್ಲಿ ಒಂದು. ಆಯಿಯ ಮಾತು ನಂಬಿ ನನ್ನನ್ನು ಮದುವೆಯಾದವರು ಸರಕಿನ ಹಡಗಿನಲ್ಲಿ ಕೆಲಸ ಮಾಡುತ್ತಾರೆ, ವರ್ಷದ ಹೆಚ್ಚಿನ ಕಾಲ ಸಮುದ್ರದ ಮೇಲೆಯೇ ಇರುತ್ತಾರೆ. ಎರಡಕ್ಕೂ ಸಂಬಂಧವಿಲ್ಲವೆಂದೇ ನನ್ನ ನಂಬಿಕೆ.

ಶಾಸನಗಳನ್ನು ಓದಿದವರಿಗೆ ಇದು ಹೊಸದಲ್ಲ. ಕಲ್ಲಿನಲ್ಲಿ ಯಾವ ರಾಜನೂ ಸೋತಿಲ್ಲ. ಶತ್ರುಗಳ ಆನೆಗಳು ಅವನನ್ನು ಕಂಡೊಡನೆ ಓಡುತ್ತವೆ, ಕೀರ್ತಿ ಸಮುದ್ರ ದಾಟುತ್ತದೆ. ಅವನ ಸೋಲು ತಿಳಿಯಬೇಕಾದರೆ ಶತ್ರುವಿನ ಶಾಸನವನ್ನು ಹುಡುಕಬೇಕು. ತರಗತಿಯಲ್ಲಿ ಇದನ್ನು ಪ್ರತಿವರ್ಷ ಹೇಳುತ್ತೇನೆ. ನನ್ನ ಮೇಲೆಯೇ ಒಂದು ಪ್ರಶಸ್ತಿ ಶಾಸನ ಹುಟ್ಟೀತೆಂದು, ಅದರಿಂದಾಗಿ ನನಗೆ ಮದ್ದು ತಪ್ಪೀತೆಂದು ಎಣಿಸಿರಲಿಲ್ಲ. ಡಾಕ್ಟರು ಪೆನ್ನು ಮುಚ್ಚಿದರು. ಚಿಕ್ಕಂದಿನಲ್ಲಿ ಏನೂ ಇಲ್ಲದಿದ್ದರೆ ಈ ಔಷಧ ಬರೆಯಲಾಗದು, ಬೇರೆ ಏನಾದರೂ ಇದೆಯೋ ನೋಡೋಣ ಎಂದರು.

ಹೊರಗೆ ಬಂದ ಮೇಲೆ ಕೇಳಿದೆ: "ಯಾಕೆ ಆಯೀ, ಅಷ್ಟು ಸುಳ್ಳು?"

"ಎಂಥಾ ಸುಳ್ಳು? ಯಾವೂರವನೋ ಪೆನ್ನು ಹಿಡ್ಕಂಡು ಮನೆ ಹುಡ್ಗಿ ಬಗ್ಗೆ ಕೇಳ್ತ. ಬಾಯಿಗೆ ಬಂದದ್ದು ಹೇಳೂಕಾಗ್ತದಾ? ನಾಳೆ ಅಂವ ಯಾರ ಹತ್ರ ಹೇಳ್ತ ಅಂತ ನಿಂಗೆ ಗೊತ್ತದೆಯಾ?"

"ನಂಗೆ ಮದ್ವೆ ಆಗಿ ಎಷ್ಟು ವರ್ಷ ಆಯ್ತು!"

"ಅದ್ಕೇ ಹೇಳ್ದೆ. ಆದ ಮೇಲೆ ಹೆಸರು ಕೆಡ್ಸೂದ್ಯಾಕೆ?"

ಊರಿನ ಬಸ್ಸು ಹತ್ತಿದೆವು. ಬಸ್ಸು ನೌಕಾನೆಲೆಯ ಗೋಡೆಯ ಪಕ್ಕದಲ್ಲಿ ಸಾಗಿ ಚೆಂಡಿಯಾದಲ್ಲಿ ನಿಂತಿತು. ಅಲ್ಲಿ ಹತ್ತಿದ ಹೆಂಗಸೊಬ್ಬಳು ನಮ್ಮ ಎದುರಿನ ಸೀಟಿನಲ್ಲಿ ಕೂತು ನನ್ನ ಗುರುತು ಹಿಡಿದಳು. "ಅಮಾ, ಇವ್ರು ನಿಮ್ಮ ಮಗಳಾ? ನಮ್ಮ ಹುಡ್ಗಿಗೆ ಕಲ್ಸಿದ ಟೀಚರು. ಎಷ್ಟು ಹುಶಾರು! ಎಂಥಾ ನೆನಪು ಅವ್ರದ್ದು! ಪುಣ್ಯ ಮಾಡಿದ್ರಿ ನೀವು" ಎಂದಳು.

ಆಯಿಯ ಮುಖ ಕಪ್ಪಿಟ್ಟಿತು. ಹೊಗಳಿಕೆ ಅಂದರೆ ದೃಷ್ಟಿ. ದೃಷ್ಟಿ ತಾಗುವ ಮುಂಚೆ ಅದನ್ನು ತೆಗೆಯಬೇಕು, ಬಸ್ಸಿನಲ್ಲಿ ಉಪ್ಪು ಮೆಣಸು ಎಲ್ಲಿಂದ ಬರಬೇಕು? ಕೈಯಲ್ಲಿದ್ದದ್ದು ಬಾಯಿಯೊಂದೇ.

"ಎಂಥಾ ಹುಶಾರು ತಂಗೀ!" ಎಂದು ಶುರುಮಾಡಿದಳು. "ಸಣ್ಣಿದ್ದಾಗ ಒಣಮೀನು ಕಾಯೂಕೆ ಕೂರ್ಸಿದ್ರೆ ಕಾಗೆ ನೋಡ್ತಾ ಕೂತಿತ್ತು. ಯಾವ ಕಾಗೆ ಕುಂಟ, ಯಾವ ಕಾಗೆ ಮುದ್ಕ, ಎಲ್ಲಾ ಹೇಳ್ತಿತ್ತು. ಮೀನು ಮಾತ್ರ ಒಂದೂ ಇಲ್ಲ! ಸಾಲಿಗೆ ಹೋದ್ರೆ ಒಂದು ಕಾಲಲ್ಲಿ ತನ್ನ ಚಪ್ಲಿ, ಇನ್ನೊಂದು ಕಾಲಲ್ಲಿ ಯಾರದೋ ಚಪ್ಲಿ. ಕರಿಬೇವು ತರೂಕೆ ಕಳ್ಸಿದ್ರೆ, ಸಾರು ಕುದ್ದು ಉಂಡು ಮುಗ್ದ ಮೇಲೆ ಬರೂದು. ಮೊನ್ನೆ ಎಂಥಾ ಮಾಡ್ತು ಗೊತ್ತದೆಯಾ? ಹೆತ್ತ ಆಯಿನ್ನ ಪೆಟ್ರೋಲ್ ಬಂಕಲ್ಲಿ ಬಿಟ್ಟು ಹೋಯ್ತು!"

ಇಡೀ ಬಸ್ಸು ಕೇಳುತ್ತಿತ್ತು. ಕಂಡಕ್ಟರು ಟಿಕೆಟ್ ಕೊಡುವುದನ್ನು ಬಿಟ್ಟು ನಿಂತಿದ್ದ. ಚೆಂಡಿಯಾದ ಹೆಂಗಸು ನನ್ನನ್ನು ಕನಿಕರದಿಂದ ನೋಡಿದಳು. ನಾನು ಮಾತ್ರ ಬಾಯಿ ತೆರೆದು ಕೂತಿದ್ದೆ, ನಾಚಿಕೆಯಿಂದಲ್ಲ. ನಾನು ಹುಡುಕುತ್ತಿದ್ದ ಶತ್ರುವಿನ ಶಾಸನ ನನ್ನ ಪಕ್ಕದ ಸೀಟಿನಲ್ಲೇ ಕೂತಿತ್ತು. ಕೇಳುವ ಕ್ರಮ ಮಾತ್ರ ತಪ್ಪಾಗಿತ್ತು.

ಮುಂದಿನ ಸಲ ಆಯಿಯನ್ನು ಹೊರಗೆ ಕೂರಿಸಿ, ನಾನೊಬ್ಬಳೇ ಒಳಗೆ ಹೋದೆ. "ಸರ್, ಆಯಿಯನ್ನು ಏನೂ ಕೇಳಬೇಡಿ. ಅವಳ ಎದುರಿಗೆ ನನ್ನನ್ನು ಹೊಗಳಿ."

"ಯಾವ ವಿಷಯಕ್ಕೆ?" ಎಂದರು ಡಾಕ್ಟರು, ನಿಜವಾಗಿಯೂ ತೊಡಕಿಗೆ ಸಿಕ್ಕವರಂತೆ.

ಆದರೂ ಆಯಿಯನ್ನು ಒಳಗೆ ಕರೆಸಿ ಪ್ರಯತ್ನಿಸಿದರು. ಪಠ್ಯಪುಸ್ತಕ ಓದುವ ಧ್ವನಿಯಲ್ಲಿ, "ಅಮ್ಮಾ, ನಿಮ್ಮ ಮಗಳ ಶಿಸ್ತು ನೋಡಿ ಬಹಳ ಸಂತೋಷವಾಯಿತು. ಇಂಥ ಏಕಾಗ್ರತೆ ನಾನು ಯಾರಲ್ಲೂ ಕಂಡಿಲ್ಲ" ಎಂದರು.

ಆಯಿ ಕುರ್ಚಿಯಿಂದ ಅರ್ಧ ಎದ್ದಳು. "ಎಂಥಾ ಶಿಸ್ತು ಡಾಕ್ಟ್ರೇ! ನಿಮ್ಗೆ ಯಾರು ಹೇಳಿದ್ರು?" ಕಾಗೆಗಳು ಬಂದವು, ಚಪ್ಪಲಿ ಬಂತು, ಬಸ್ಸಿನಲ್ಲಿ ಹೇಳದೆ ಉಳಿಸಿಕೊಂಡಿದ್ದ ಇನ್ನೂ ಹಲವು ಬಂದವು. ಹೋದ ಸಲ ಇದೇ ಕುರ್ಚಿಯಲ್ಲಿ ಕೂತು ಹೇಳಿದ್ದು ಅವಳಿಗೆ ಒಂದಿಷ್ಟೂ ಅಡ್ಡ ಬರಲಿಲ್ಲ. ಡಾಕ್ಟರು ಬರೆಯುತ್ತಾ ಬರೆಯುತ್ತಾ ಒಮ್ಮೆ ತಲೆಯೆತ್ತಿ, "ಕಾಗೆಗಳನ್ನು ಬೇರೆ ಬೇರೆಯಾಗಿ ಗುರುತಿಸುತ್ತಿದ್ದರೇ?" ಎಂದು ಕೇಳಿದರು. ಔಷಧಕ್ಕಾಗಿ ಕೇಳಿದ ಪ್ರಶ್ನೆಯಂತೆ ಕಾಣಲಿಲ್ಲ.

ಗೆದ್ದೆನೆಂದುಕೊಂಡ ಗಳಿಗೆಯಲ್ಲೇ ನನಗೆ ಅನುಮಾನ ಹತ್ತಿತು. ಮಾನಕ್ಕೆ ಹೆದರಿ ಹೇಳಿದ್ದು ಸುಳ್ಳಾದರೆ, ದೃಷ್ಟಿಗೆ ಹೆದರಿ ಹೇಳಿದ್ದು ಹೇಗೆ ನಿಜವಾದೀತು? ಆ ಕಾಗೆಗಳು ನನಗೂ ಈಗ ಕಣ್ಣಿಗೆ ಕಟ್ಟಿದಂತೆ ನೆನಪಿವೆ. ಬಸ್ಸಿನಲ್ಲಿ ಕೇಳುವ ಮುಂಚೆಯೂ ನೆನಪಿದ್ದವೇ? ಪ್ರಮಾಣ ಮಾಡಿ ಹೇಳಲಾರೆ. ಇದನ್ನು ಡಾಕ್ಟರಿಗೆ ಹೇಳಿಯೂಬಿಟ್ಟೆ. ಅವರು ಮೊದಲ ಸಲ ನಕ್ಕರು. "ಮೇಡಂ, ಸಾಕ್ಷಿಯನ್ನು ನೀವೇ ತಂದು ನೀವೇ ಒಡೆಯಬೇಡಿ. ಎರಡು ಕಥೆಗಳ ನಡುವೆ ಎಲ್ಲೋ ಒಬ್ಬ ಹುಡುಗಿ ಮೀನು ಬಿಟ್ಟು ಬೇರೇನನ್ನೋ ನೋಡುತ್ತಾ ಕೂತಿದ್ದಾಳಲ್ಲ, ಅವಳಿಗೆ ಮದ್ದು ಕೊಡೋಣ" ಎಂದರು.

ಮದ್ದು ಸಿಗುವುದೇನು ಸುಲಭವಾಗಿರಲಿಲ್ಲ. ಚೀಟಿ ನೋಡಿದ ಔಷಧ ಅಂಗಡಿಯವನು ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಮಗನಿಗಾ?" ಎಂದ. ನನಗೆ ಎಂದಾಗ ಧ್ವನಿ ತಗ್ಗಿಸಿ, ಹುಬ್ಬಳ್ಳಿಯಿಂದ ತರಿಸಬೇಕು ಎಂದ. ಬಂದ ಮಾತ್ರೆ ಮೊದಲು ಹೆಚ್ಚಾಯಿತು. ಹಸಿವು ಸತ್ತಿತು, ಎದೆ ಮೀನುದೋಣಿಯ ಇಂಜಿನ್ನಿನಂತೆ ಬಡಿಯಿತು. ಗಮನವೇನೋ ಭರ್ಜರಿಯಾಗಿ ಬಂತು, ಆದರೆ ಯಾವುದರ ಮೇಲೆ ಎಂದು ಮಾತ್ರೆಗೆ ಗೊತ್ತಿರಲಿಲ್ಲ. ಒಂದು ಭಾನುವಾರವಿಡೀ ಅಡುಗೆಮನೆಯ ಡಬ್ಬಿಗಳಿಗೆ ಅವವುಗಳ ಮುಚ್ಚಳ ಹುಡುಕಿ ಹಾಕಿದೆ. ಒಲೆಯ ಮೇಲಿದ್ದ ಅನ್ನ ಸೀದುಹೋಯಿತು. ಡಾಕ್ಟರು ಪ್ರಮಾಣ ಇಳಿಸಿದರು, ಆಮೇಲೆ ಮಾತ್ರೆಯನ್ನೇ ಬದಲಿಸಿದರು. ಕೊನೆಗೆ ಒಂದು ಹೊಂದಿಕೊಂಡಿತು. ನನ್ನ ತಲೆಯೊಳಗಿನ ಮೀನುಪೇಟೆ ಮುಚ್ಚಲಿಲ್ಲ. ಆದರೆ ಎಲ್ಲರೂ ಒಟ್ಟಿಗೆ ಕೂಗುವುದನ್ನು ಬಿಟ್ಟು ಒಬ್ಬೊಬ್ಬರಾಗಿ ಮಾತಾಡತೊಡಗಿದರು.

"ಈ ಮಾತ್ರೆ ಹೇಗಿದೆ?" ಎಂದು ಡಾಕ್ಟರು ಕೇಳಿದರು. ಅದ್ಭುತ ಎನ್ನಲು ಬಾಯಿ ತೆರೆದೆ. ಇಷ್ಟು ಕಷ್ಟಪಟ್ಟು ಸಿಕ್ಕದ್ದಕ್ಕೆ ನನ್ನ ಬಾಯಿಂದಲೇ ದೃಷ್ಟಿಯಾದರೆ? ಧಾರವಾಡದಲ್ಲಿ ಕಲಿತ ಅಷ್ಟೂ ವಿದ್ಯೆಯನ್ನು ಬದಿಗೆ ಸರಿಸಿ, "ಅಂಥಾ ದೊಡ್ಡದೇನಲ್ಲ ಸರ್. ನಡೀತದೆ" ಎಂದೆ.

ಡಾಕ್ಟರು ನನ್ನ ಮುಖವನ್ನು ನೋಡಿದರು, ಪಕ್ಕದಲ್ಲಿ ಗಂಭೀರವಾಗಿ ತಲೆಯಾಡಿಸುತ್ತಿದ್ದ ಆಯಿಯ ಮುಖವನ್ನೂ ನೋಡಿದರು. ಅವರು ಈಗ ನಮ್ಮ ಕಡೆಯವರೇ ಆಗಿಬಿಟ್ಟಿದ್ದರು. "ಹಾಗಾದರೆ ಇದನ್ನೇ ಮುಂದುವರಿಸೋಣ" ಎಂದು ಬರೆದರು.

ಮೊನ್ನೆ ಆಯಿಯನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಮೀನುಪೇಟೆಗೆ ಹೋಗಿದ್ದೆ. ಬರುವಾಗ ಪೆಟ್ರೋಲ್ ಹಾಕಿಸಬೇಕಾಯಿತು. ಆಯಿ ಇಳಿದಳು, ಇಳಿದು ನನ್ನ ಬ್ಯಾಗಿನ ಪಟ್ಟಿಯನ್ನು ಗಟ್ಟಿಯಾಗಿ ಹಿಡಿದು ನಿಂತಳು. ರಮಾಕಾಂತ ನಗುತ್ತಾ, "ಟೀಚರ್ರೇ, ಈಗ ಗಾಡಿ ಭಾಳ ಚಲೋ ಹೊಡೀತ್ರಿ. ದೂರದಿಂದ ನೋಡ್ದೆ" ಎಂದ.

"ಎಂಥಾ ಚಲೋ!" ಎಂದಳು ಆಯಿ. "ಮೊದ್ಲಿಗಿಂತಾ ಕಡೆ ಆಗ್ಯದೆ. ನಾ ಜೀವ ಕೈಲಿ ಹಿಡ್ಕಂಡು ಕೂತ್ಕಂಬೂದು."

ಹೀಗೆಂದು ನನಗಿಂತ ಮೊದಲು ಹಿಂದಿನ ಸೀಟು ಹತ್ತಿ ಕೂತಳು. ನನ್ನ ಬಗ್ಗೆ ಅವಳು ಇಷ್ಟು ಕೆಟ್ಟದಾಗಿ ಮಾತಾಡಿದ್ದನ್ನು ನಾನು ಈವರೆಗೆ ಕೇಳಿರಲಿಲ್ಲ. ಎದೆ ತುಂಬಿತು. ತಿರುಗಿ ಒಮ್ಮೆ ನೋಡಿಕೊಂಡು, ಟ್ಯಾಂಕರೊಂದು ದಾಟುವವರೆಗೆ ಕಾದು ಹೆದ್ದಾರಿಗೆ ಇಳಿದೆ. ಬಂಗಡೆಯ ಬೆಲೆಯ ಮಾತು ಅಂದು ಉತ್ತರವಿಲ್ಲದೆ ಉಳಿದಿತ್ತಲ್ಲ, ಮತ್ತೆ ಎತ್ತಿದೆ. ನಾನು ಹೇಳಿದ್ದೆಲ್ಲ ತಪ್ಪು ಎಂದು ಬೆಳಂಬಾರದವರೆಗೂ ಬೆನ್ನ ಹಿಂದಿನಿಂದ ಉತ್ತರ ಬರುತ್ತಲೇ ಇತ್ತು.